ಐದು ಪರ್ಸೆಂಟ್ ಸೆಸ್ ಎಲ್ಲಿ ಹೋಯಿತು?

ದೆಹಲಿಯಲ್ಲಿ ವಿಜ್ಞಾನ ಮತ್ತು ತಂತ್ರಜ್ಞಾನ ಸಚಿವಾಲಯ ಅಂತ ಒಂದು ಇದೆ ಎಂಬುದು ಎಲ್ಲರಿಗೂ ಗೊತ್ತು. ಅದು ಏನು ಮಾಡುತ್ತದೆ ಎಂದು ಕೇಳಿ ನೋಡಿ, ಹತ್ತರಲ್ಲಿ ಎಂಟು ಜನ “ರಾಕೆಟ್ ಹಾರಿಸುತ್ತಲ್ಲ ಸಾರ್!” ಅನ್ನುತ್ತಾರೆ. ಹಾರಿಸುವುದಿಲ್ಲ. ರಾಕೆಟ್ ಬಾಹ್ಯಾಕಾಶ ಇಲಾಖೆಯದ್ದು, ರಿಯಾಕ್ಟರ್ ಪರಮಾಣು ಶಕ್ತಿ ಇಲಾಖೆಯದ್ದು. ಇವೆರಡೂ ನೇರವಾಗಿ ಪ್ರಧಾನಮಂತ್ರಿಯವರ ಕೈಕೆಳಗೆ ಇರುವಂಥವು. ಕ್ಷಿಪಣಿ ರಕ್ಷಣಾ ಸಚಿವಾಲಯಕ್ಕೆ ಸೇರಿದ್ದು, ಹೊಸ ಭತ್ತದ ತಳಿ ಕೃಷಿ ಸಚಿವಾಲಯಕ್ಕೆ. ಕೇಂದ್ರ ಸರ್ಕಾರ ಸಂಶೋಧನೆಗೆ ಮಾಡುವ ಖರ್ಚಿನಲ್ಲಿ ಅರ್ಧಕ್ಕಿಂತ ಹೆಚ್ಚು ರಕ್ಷಣೆ, ಬಾಹ್ಯಾಕಾಶ, ಪರಮಾಣು ಈ ಮೂರಕ್ಕೇ ಹೋಗುತ್ತದೆ.

ಹಾಗಿದ್ದರೆ ಹೆಸರಿನಲ್ಲೇ ವಿಜ್ಞಾನ ಇಟ್ಟುಕೊಂಡಿರುವ ಸಚಿವಾಲಯ ದೇಶದ ವಿಜ್ಞಾನವನ್ನು ನಡೆಸುವುದು ಹೇಗೆ? ನಾನು ಬಿ.ಕಾಂ. ಓದಿ ಬ್ಯಾಂಕು ಸೇರಿದವನು. ವಿಜ್ಞಾನ ನನಗೆ ಎಸ್ಸೆಸ್ಸೆಲ್ಸಿಗೇ ಮುಗಿಯಿತು. ಆದರೆ ಈ ಪ್ರಶ್ನೆಗೆ ಉತ್ತರ ವಿಜ್ಞಾನದ ಪುಸ್ತಕಕ್ಕಿಂತ ಲೆಕ್ಕದ ಪುಸ್ತಕದಲ್ಲೇ ಹೆಚ್ಚು ಸಿಗುತ್ತದೆ ಎಂದು ನನ್ನ ಅನಿಸಿಕೆ. ಅದಕ್ಕೇ ಈ ಬರಹ. ಸ್ವಲ್ಪ ಉದ್ದವಾಗಿದೆ, ಕಾಫಿ ಇಟ್ಟುಕೊಂಡೇ ಓದಿ.

ಮೊದಲಿನಿಂದ ಶುರು ಮಾಡೋಣ. ಎರಡನೇ ಮಹಾಯುದ್ಧದ ಹೊತ್ತು. ಹಡಗಿನಲ್ಲಿ ಬರುತ್ತಿದ್ದ ಸಾಮಾನು ಬರುವುದು ಕಷ್ಟವಾಗಿ, ಇಲ್ಲೇ ಏನಾದರೂ ತಯಾರಿಸಿಕೊಳ್ಳಬೇಕೆಂಬ ಗರಜು ಬ್ರಿಟಿಷ್ ಸರ್ಕಾರಕ್ಕೂ ಬಂದಿತ್ತು. ಶಾಂತಿ ಸ್ವರೂಪ್ ಭಟ್ನಾಗರ್ ಎಂಬ ರಸಾಯನ ವಿಜ್ಞಾನಿಯನ್ನು ಕರೆಸಿ ಸಂಶೋಧನಾ ಮಂಡಳಿಯೊಂದನ್ನು ಕಟ್ಟಿಸಿದ್ದರು. ಆ ಭಟ್ನಾಗರ್ ಅವರಿಗೆ ಪ್ರಯೋಗಾಲಯದಷ್ಟೇ ಲೆಕ್ಕಾಚಾರವೂ ಚೆನ್ನಾಗಿ ತಿಳಿದಿತ್ತು. ಸಂಶೋಧನೆಯಿಂದ ಕಾರ್ಖಾನೆಗಳು ಕೊಡುವ ರಾಯಲ್ಟಿ ಸರ್ಕಾರದ ಸಾಮಾನ್ಯ ಖಜಾನೆಗೆ ಬಿದ್ದು ಕರಗಿಹೋಗಬಾರದು, ಪ್ರತ್ಯೇಕ ನಿಧಿಯಾಗಿ ಉಳಿದು ಮತ್ತೆ ಸಂಶೋಧನೆಗೇ ಬರಬೇಕು ಎಂದು ಅವರು ಪಟ್ಟು ಹಿಡಿದು ಸರ್ಕಾರವನ್ನು ಒಪ್ಪಿಸಿದರು.

ಅವರ ಬೆನ್ನಿಗೆ ನಿಂತವರು ವೈಸರಾಯ್ ಕಾರ್ಯಕಾರಿ ಮಂಡಳಿಯಲ್ಲಿದ್ದ ಸರ್ ಎ. ರಾಮಸ್ವಾಮಿ ಮೊದಲಿಯಾರ್. ಹೌದು, ನೀವು ಊಹಿಸಿದ್ದು ಸರಿ. ಮುಂದೆ 1946ರಿಂದ 49ರವರೆಗೆ ನಮ್ಮ ಮೈಸೂರಿಗೆ ದಿವಾನರಾದವರೇ ಅವರು. 1941ರ ನವೆಂಬರ್ 14ರಂದು ಕೇಂದ್ರ ಶಾಸನಸಭೆಯಲ್ಲಿ ಮೊದಲಿಯಾರ್ ಒಂದು ಗೊತ್ತುವಳಿ ಮಂಡಿಸಿದರು. ‘ಕೈಗಾರಿಕಾ ಸಂಶೋಧನಾ ನಿಧಿ’ ಎಂಬುದು ಇರಬೇಕು, ಅದಕ್ಕೆ ಐದು ವರ್ಷ ಕಾಲ ವರ್ಷಕ್ಕೆ 10 ಲಕ್ಷ ರೂಪಾಯಿಯಂತೆ ಬಜೆಟ್ಟಿನಲ್ಲಿ ಇಡಬೇಕು ಎಂದು. ಮರುವರ್ಷ, 1942ರ ಸೆಪ್ಟೆಂಬರ್ 26ರಂದು, ಸಿಎಸ್ಐಆರ್ ಹುಟ್ಟಿತು.

ಗಮನಿಸಿ, ಸಂಸ್ಥೆಗಿಂತ ಮೊದಲು ನಿಧಿ ಬಂತು! ಎಷ್ಟು ದುಡ್ಡು, ಎಷ್ಟು ವರ್ಷ, ಎಲ್ಲಿಂದ ಎಂದು ಬರೆದಿಟ್ಟ ಮೇಲೆ ಬೋರ್ಡು ತೂಗುಹಾಕಿದ್ದು. ನಮ್ಮಲ್ಲಿ ಸಾಮಾನ್ಯವಾಗಿ ನಡೆಯುವುದು ಇದರ ಉಲ್ಟಾ.

ಸ್ವಾತಂತ್ರ್ಯ ಬಂದ ಮೇಲೆ 1951ರಲ್ಲಿ ‘ನೈಸರ್ಗಿಕ ಸಂಪನ್ಮೂಲ ಮತ್ತು ವೈಜ್ಞಾನಿಕ ಸಂಶೋಧನೆ’ ಎಂಬ ಸಚಿವಾಲಯ ಆಯಿತು. 1958ರ ಹೊತ್ತಿಗೆ ಅದು ‘ವೈಜ್ಞಾನಿಕ ಸಂಶೋಧನೆ ಮತ್ತು ಸಾಂಸ್ಕೃತಿಕ ವ್ಯವಹಾರ’ ಎಂಬ ಹೆಸರು ಪಡೆಯಿತು. ವಿಜ್ಞಾನ ಮತ್ತು ನೃತ್ಯ-ಸಂಗೀತ ಒಂದೇ ಮಂತ್ರಿಯ ಮೇಜಿನ ಮೇಲೆ! ನಗಬೇಡಿ, ಆ ವರ್ಷವೇ ನೆಹರೂ ಸರ್ಕಾರ ದೇಶದ ಮೊದಲ ವಿಜ್ಞಾನ ನೀತಿ ನಿರ್ಣಯವನ್ನು ಹೊರಡಿಸಿದ್ದು, ಮಾರ್ಚ್ 4ರಂದು. ಕೆಲವೇ ಪುಟಗಳ ಪುಟ್ಟ ಕಾಗದ. ಒಂದು ದೇಶದ ಸಮೃದ್ಧಿಗೆ ತಂತ್ರಜ್ಞಾನ, ಕಚ್ಚಾಮಾಲು, ಬಂಡವಾಳ ಮೂರೂ ಬೇಕು, ಆದರೆ ತಂತ್ರಜ್ಞಾನ ಕೈಯಲ್ಲಿದ್ದರೆ ಉಳಿದೆರಡರ ಕೊರತೆಯನ್ನು ಅದು ಸ್ವಲ್ಪ ಮಟ್ಟಿಗೆ ತುಂಬಬಲ್ಲದು ಎಂಬುದು ಅದರ ತಿರುಳು. ಬಂಡವಾಳವಿಲ್ಲದ ದೇಶಕ್ಕೆ ಇದಕ್ಕಿಂತ ಒಳ್ಳೆಯ ಮಾತು ಬೇಕೇ? ಆದರೆ ದುಡ್ಡು ಎಷ್ಟು, ಎಲ್ಲಿಂದ ಎಂಬ ಮಾತು ಅದರಲ್ಲಿ ಇರಲಿಲ್ಲ.

ನಾವು ಇವತ್ತು ಕಾಣುವ ವ್ಯವಸ್ಥೆ ಶುರುವಾದದ್ದು 1971ರಲ್ಲಿ. ಆ ವರ್ಷ ಮೇ ತಿಂಗಳಲ್ಲಿ ಇಂದಿರಾ ಗಾಂಧಿ ಸರ್ಕಾರ ವಿಜ್ಞಾನ ಮತ್ತು ತಂತ್ರಜ್ಞಾನ ಇಲಾಖೆಯನ್ನು, ಅಂದರೆ ಡಿಎಸ್‌ಟಿಯನ್ನು, ಸ್ಥಾಪಿಸಿತು. ಹಸಿರು ಕ್ರಾಂತಿಯ ಸಿ. ಸುಬ್ರಹ್ಮಣ್ಯಂ ಅವರೇ ಆಗ ಈ ಖಾತೆ ನೋಡಿಕೊಳ್ಳುತ್ತಿದ್ದವರು. ಆಮೇಲೆ 1985ರಲ್ಲಿ ವೈಜ್ಞಾನಿಕ ಮತ್ತು ಕೈಗಾರಿಕಾ ಸಂಶೋಧನಾ ಇಲಾಖೆ, 1986ರಲ್ಲಿ ಜೈವಿಕ ತಂತ್ರಜ್ಞಾನ ಇಲಾಖೆ ಸೇರಿಕೊಂಡು ಈಗ ಸಚಿವಾಲಯಕ್ಕೆ ಮೂರು ಕಾಲು.

ಇನ್ನು ಸೆಸ್ಸಿನ ಕಥೆಗೆ ಬರೋಣ.

1983ರ ಜನವರಿಯಲ್ಲಿ ತಿರುಪತಿಯಲ್ಲಿ ನಡೆದ ವಿಜ್ಞಾನ ಕಾಂಗ್ರೆಸ್ಸಿನಲ್ಲಿ ಇಂದಿರಾ ಗಾಂಧಿ ‘ತಂತ್ರಜ್ಞಾನ ನೀತಿ ಹೇಳಿಕೆ’ ಪ್ರಕಟಿಸಿದರು. ಹೊರಗಿನಿಂದ ತಂತ್ರಜ್ಞಾನ ತರುವುದು ತಪ್ಪಲ್ಲ, ಆದರೆ ತಂದದ್ದನ್ನು ಅರಗಿಸಿಕೊಳ್ಳಬೇಕು, ನಮ್ಮದೇ ಆದದ್ದನ್ನು ಬೆಳೆಸಬೇಕು ಎಂಬುದು ಅದರ ಸಾರ. ಈ ವಿಚಾರಕ್ಕೆ ಹಣದ ರೂಪ ಬಂದದ್ದು 1986ರಲ್ಲಿ, ಸಂಶೋಧನೆ ಮತ್ತು ಅಭಿವೃದ್ಧಿ ಸೆಸ್ ಕಾಯಿದೆ ಬಂದಾಗ. ಯಾವುದೇ ಉದ್ಯಮ ವಿದೇಶಿ ಕಂಪನಿಗೆ ತಂತ್ರಜ್ಞಾನಕ್ಕಾಗಿ ರಾಯಲ್ಟಿ, ನೋ-ಹೌ ಶುಲ್ಕ, ಡ್ರಾಯಿಂಗ್‌ಗಳ ಬೆಲೆ ಹೀಗೆ ಏನು ಕೊಟ್ಟರೂ, ಅದರ ಮೇಲೆ ಶೇಕಡಾ 5ರವರೆಗೆ ಸರ್ಕಾರಕ್ಕೆ ಸೆಸ್ ಕಟ್ಟಬೇಕು. ಆ ದುಡ್ಡಿನಿಂದ ದೇಶದೊಳಗೆ ಹುಟ್ಟಿದ ತಂತ್ರಜ್ಞಾನವನ್ನು ಮಾರುಕಟ್ಟೆಗೆ ತರಲು ಸಹಾಯ ಮಾಡುವುದು ಎಂದು ಕಾಯಿದೆಯ ಉದ್ದೇಶದಲ್ಲೇ ಬರೆದಿತ್ತು.

ಎಷ್ಟು ಚಂದದ ವ್ಯವಸ್ಥೆ ನೋಡಿ! ಹೊರಗಿನ ಮರದಿಂದ ಹಣ್ಣು ಕೊಂಡಾಗಲೆಲ್ಲ ಮನೆಯ ಹಿತ್ತಲಿನ ಸಸಿಗೆ ಒಂದು ಚೊಂಬು ನೀರು. ಕಂಪನಿ 1 ಕೋಟಿ ರೂಪಾಯಿ ರಾಯಲ್ಟಿ ಕಳಿಸಿದರೆ 5 ಲಕ್ಷ ಸ್ವದೇಶಿ ಸಂಶೋಧನೆಗೆ.

ನಾನು ಹೈದರಾಬಾದಿಗೆ ಬಂದು ಮೂವತ್ತು ವರ್ಷ ದಾಟಿತು. ಬಂದ ಹೊಸತರಲ್ಲಿ ನನ್ನನ್ನು ಬ್ಯಾಂಕಿನ ವಿದೇಶಿ ವಿನಿಮಯ ವಿಭಾಗಕ್ಕೆ ಹಾಕಿದ್ದರು. 1991ರ ಹೊಸ ಕೈಗಾರಿಕಾ ನೀತಿ ಬಂದು ಕೆಲವೇ ವರ್ಷ ಆಗಿತ್ತು. ಆ ನೀತಿಯ ಪ್ರಕಾರ ಆದ್ಯತೆಯ ಉದ್ಯಮಗಳು ಒಟ್ಟಾರೆ 1 ಕೋಟಿ ರೂಪಾಯಿವರೆಗಿನ ತಂತ್ರಜ್ಞಾನ ಶುಲ್ಕಕ್ಕೆ, ದೇಶೀ ಮಾರಾಟದ ಮೇಲೆ ಶೇಕಡಾ 5 ಮತ್ತು ರಫ್ತಿನ ಮೇಲೆ ಶೇಕಡಾ 8ರವರೆಗಿನ ರಾಯಲ್ಟಿಗೆ ದೆಹಲಿಗೆ ಅಲೆಯಬೇಕಿರಲಿಲ್ಲ, ಅನುಮತಿ ತಾನಾಗಿಯೇ ಸಿಗುತ್ತಿತ್ತು. ಹಾಗಾಗಿ ನಮ್ಮ ಕೌಂಟರಿಗೆ ಜರ್ಮನಿಗೆ, ಜಪಾನಿಗೆ, ಅಮೆರಿಕೆಗೆ ರೆಮಿಟೆನ್ಸ್ ಕಳಿಸಬೇಕೆಂದು ಫೈಲುಗಳು ಬರುತ್ತಲೇ ಇದ್ದವು. ಪ್ರತಿ ಫೈಲಿನಲ್ಲೂ ಒಪ್ಪಂದದ ಪ್ರತಿ, ತೆರಿಗೆ ಕಡಿತದ ಕಾಗದ, ಅದರ ಜೊತೆಗೆ ಪಿನ್ ಹೊಡೆದ ಸೆಸ್ ಚಲನ್. ನಮ್ಮ ಹಿರಿಯ ಮ್ಯಾನೇಜರರೊಬ್ಬರು ಮಂಗಳೂರಿನ ಕಡೆಯವರು. ಚಲನ್ ನೋಡಿದಾಗಲೆಲ್ಲ “ಇದು ನಮ್ಮ ವಿಜ್ಞಾನಿಗಳ ಪಾಲು ಮಾರಾಯ, ಜೋಪಾನ” ಅನ್ನುತ್ತಿದ್ದರು. ನಾನೂ ಭಕ್ತಿಯಿಂದ ಟಿಕ್ ಹಾಕಿ ಮುಂದಕ್ಕೆ ಕಳಿಸುತ್ತಿದ್ದೆ.

ಆ ಪಾಲು ವಿಜ್ಞಾನಿಗಳಿಗೆ ಮುಟ್ಟುವ ದಾರಿ ಎಂಥದ್ದು? ಮೊದಲು ಐಡಿಬಿಐ ಮೂಲಕ ವೆಂಚರ್ ಕ್ಯಾಪಿಟಲ್ ನಿಧಿಗೆ ಕೊಡುವ ಏರ್ಪಾಡಿತ್ತು. 1995ರಲ್ಲಿ ಸಂಸತ್ತು ತಂತ್ರಜ್ಞಾನ ಅಭಿವೃದ್ಧಿ ಮಂಡಳಿ ಕಾಯಿದೆ ಮಾಡಿತು. 1996ರಲ್ಲಿ ಡಿಎಸ್‌ಟಿ ಅಡಿಯಲ್ಲಿ ಮಂಡಳಿ ಕೆಲಸ ಶುರುಮಾಡಿತು. ಇಲಾಖೆಯ ಕಾರ್ಯದರ್ಶಿಯೇ ಅದರ ಅಧ್ಯಕ್ಷರು. ಸೆಸ್ಸಿನ ದುಡ್ಡು ಇನ್ನು ಈ ಮಂಡಳಿಯ ನಿಧಿಗೆ ಎಂದಾಯಿತು. ಯೋಜನಾ ವೆಚ್ಚದ ಅರ್ಧದವರೆಗೆ, ಶೇಕಡಾ 5-6ರ ಸರಳ ಬಡ್ಡಿಗೆ ಅದು ಸಾಲ ಕೊಡುತ್ತಿತ್ತು. ಆ ಕಾಲಕ್ಕೆ ನಮ್ಮಂಥ ಬ್ಯಾಂಕುಗಳ ಪ್ರೈಮ್ ದರವೇ ಶೇಕಡಾ 14ರ ಮೇಲಿತ್ತು ಎಂದರೆ ಇದರ ಬೆಲೆ ನಿಮಗೆ ಅರ್ಥವಾಗುತ್ತದೆ.

ಬಡ್ಡಿಗಿಂತ ದೊಡ್ಡ ವ್ಯತ್ಯಾಸ ಇನ್ನೊಂದಿದೆ. ಬ್ಯಾಂಕು ಸಾಲ ಕೊಡುವಾಗ ಏನು ನೋಡುತ್ತದೆ? ಹಿಂದಿನ ಮೂರು ವರ್ಷದ ಬ್ಯಾಲೆನ್ಸ್ ಶೀಟು, ಅಡಮಾನಕ್ಕೆ ಜಮೀನು, ಗ್ಯಾರಂಟಿ ನಿಲ್ಲುವವರು. ಪ್ರಯೋಗಾಲಯದಲ್ಲಿ ಒಂದು ಸೀಸೆಯೊಳಗೆ ಇರುವ ಲಸಿಕೆಗೆ ಬ್ಯಾಲೆನ್ಸ್ ಶೀಟು ಎಲ್ಲಿಂದ ಬರಬೇಕು? ಅದನ್ನು ಅಡವಿಡುವುದು ಹೇಗೆ? ನಮ್ಮನ್ನು ಬೈದು ಪ್ರಯೋಜನವಿಲ್ಲ, ನಾವು ಕೊಡುವುದು ಠೇವಣಿದಾರರ ದುಡ್ಡು. ಮುಳುಗಬಹುದಾದ ಕಡೆ ದುಡ್ಡು ಹಾಕುವ ಧೈರ್ಯ ಸರ್ಕಾರಕ್ಕೆ ಮಾತ್ರ ಇರಲು ಸಾಧ್ಯ, ಇರಬೇಕಾದದ್ದೂ ಅದಕ್ಕೇ.

ಇದಕ್ಕೆ ನಮ್ಮ ಹೈದರಾಬಾದಿನದೇ ಉದಾಹರಣೆ ಕೊಡುತ್ತೇನೆ. ಕೆ.ಐ. ವರಪ್ರಸಾದ ರೆಡ್ಡಿಯವರು ಎಲೆಕ್ಟ್ರಾನಿಕ್ಸ್ ಓದಿದ ಇಂಜಿನಿಯರು. ಹೆಪಟೈಟಿಸ್-ಬಿ ಕಾಯಿಲೆಯ ಲಸಿಕೆ ಆಗ ಹೊರದೇಶದಿಂದ ಬರಬೇಕಿತ್ತು, ಒಂದು ಡೋಸಿಗೆ ನೂರಾರು ರೂಪಾಯಿ. ಮಗುವಿಗೆ ಮೂರು ಡೋಸು ಬೇಕು. ಅವರು ತಂತ್ರಜ್ಞಾನ ಕೊಳ್ಳಲು ಹೋದಾಗ ವಿದೇಶಿ ಕಂಪನಿ ಕೊಡಲೊಪ್ಪಲಿಲ್ಲ, ಕೊಟ್ಟರೂ ನಿಮ್ಮವರಿಗೆ ಅರ್ಥವಾಗುವುದಿಲ್ಲ ಎಂಬಂತೆ ಮಾತಾಡಿದರು ಎಂದು ಅವರೇ ಹಲವು ಸಲ ಹೇಳಿಕೊಂಡಿದ್ದಾರೆ. 1993ರಲ್ಲಿ ತಾಯಿಯ ಹೆಸರಿನಲ್ಲಿ ಶಾಂತಾ ಬಯೋಟೆಕ್ನಿಕ್ಸ್ ಶುರುಮಾಡಿದರು. ಉಸ್ಮಾನಿಯಾ ವಿಶ್ವವಿದ್ಯಾಲಯದಲ್ಲಿ, ಆಮೇಲೆ ಉಪ್ಪಲ್ ರಸ್ತೆಯ ಸಿಸಿಎಂಬಿಯಲ್ಲಿ ಜಾಗ ಸಿಕ್ಕಿತು. ಈ ಸಿಸಿಎಂಬಿ ಸಿಎಸ್ಐಆರ್ ಪ್ರಯೋಗಾಲಯ, ಅಂದರೆ 1941ರ ಆ ಹತ್ತು ಲಕ್ಷದ ಮೊಮ್ಮಗು ಅನ್ನಿ.

ಬ್ಯಾಂಕುಗಳು ಹಿಂದೆ ಸರಿದವು. ಒಮಾನ್ ದೇಶದ ವಿದೇಶಾಂಗ ಸಚಿವರು ಬಂಡವಾಳ ಹಾಕಿದರು. ಹೊಸದಾಗಿ ಹುಟ್ಟಿದ್ದ ತಂತ್ರಜ್ಞಾನ ಅಭಿವೃದ್ಧಿ ಮಂಡಳಿ ಸಾಲ ಕೊಟ್ಟಿತು. 1997ರ ಆಗಸ್ಟಿನಲ್ಲಿ ಭಾರತದ ಮೊದಲ ಮರುಸಂಯೋಜಿತ ಹೆಪಟೈಟಿಸ್-ಬಿ ಲಸಿಕೆ ಶಾನ್‌ವ್ಯಾಕ್ ಮಾರುಕಟ್ಟೆಗೆ ಬಂತು. ಊರಿನ ಇನ್ನೊಂದು ಕಂಪನಿ ಭಾರತ್ ಬಯೋಟೆಕ್ ಕೂಡ ಇದೇ ಮಂಡಳಿಯ ನೆರವಿನಿಂದ ತನ್ನ ಲಸಿಕೆ ತಂದಿತು. ಪೈಪೋಟಿ ಬಿದ್ದು ಬೆಲೆ 50 ರೂಪಾಯಿಯ ಆಸುಪಾಸಿಗೆ ಇಳಿಯಿತು. ನಮ್ಮ ಕಾಲೋನಿಯಲ್ಲೇ ಲಸಿಕೆ ಶಿಬಿರ ನಡೆದು, ಮನೆಕೆಲಸದವರ ಮಕ್ಕಳೂ ನಮ್ಮ ಮಕ್ಕಳೂ ಒಂದೇ ಸಾಲಿನಲ್ಲಿ ನಿಂತು ಚುಚ್ಚಿಸಿಕೊಂಡದ್ದು ನನಗೆ ಚೆನ್ನಾಗಿ ನೆನಪಿದೆ. ನಮ್ಮ ಬೆಂಗಳೂರಿನ ರೇವಾ ವಿದ್ಯುತ್ ಕಾರಿಗೂ ಇದೇ ಮಂಡಳಿ ಸಾಲ ಕೊಟ್ಟಿತ್ತು. 2001ರಲ್ಲಿ ರಸ್ತೆಗಿಳಿದಾಗ ನಕ್ಕವರೇ ಹೆಚ್ಚು, ಈಗ ಬೀದಿ ತುಂಬ ವಿದ್ಯುತ್ ವಾಹನಗಳೇ.

ಹೀಗೆ ಕೆಲವೇ ಕೋಟಿಗಳಲ್ಲಿ ಇಷ್ಟಾದರೆ, ಪೂರ್ತಿ ಸೆಸ್ ಬಂದಿದ್ದರೆ ಇನ್ನೆಷ್ಟು ಆಗಬೇಕಿತ್ತು! ಅಲ್ಲೇ ಇರುವುದು ನೋಡಿ ಸ್ವಾರಸ್ಯ.

ಸೆಸ್ ಅಥವಾ ಉಪಕರ ಎಂದರೆ ಒಂದು ನಿರ್ದಿಷ್ಟ ಉದ್ದೇಶಕ್ಕೆ ಎತ್ತುವ ತೆರಿಗೆ. ಆದರೆ ಸಂವಿಧಾನದ 266ನೇ ವಿಧಿಯಂತೆ ಎತ್ತಿದ ದುಡ್ಡೆಲ್ಲ ಮೊದಲು ಭಾರತದ ಸಂಚಿತ ನಿಧಿಗೆ ಜಮಾ ಆಗಬೇಕು. ಅಲ್ಲಿಂದ ಸಂಸತ್ತಿನ ಒಪ್ಪಿಗೆ ಪಡೆದು ಎಷ್ಟು ತೆಗೆದು ಕೊಡುತ್ತಾರೋ ಅಷ್ಟೇ ಮಂಡಳಿಗೆ. ಎಷ್ಟು ಕೊಡಬೇಕೆಂದು ಹೇಳುವುದು ವಿಜ್ಞಾನ ಸಚಿವಾಲಯವಲ್ಲ, ಹಣಕಾಸು ಸಚಿವಾಲಯ. ಅದಕ್ಕೆ ಪ್ರತಿ ವರ್ಷ ನೂರು ತಾಪತ್ರಯ: ವಿತ್ತೀಯ ಕೊರತೆ, ಸಬ್ಸಿಡಿ, ಸಾಲದ ಬಡ್ಡಿ. ಹಾಗಾಗಿ ಎಲ್ಲರ ಹಾಗೆ ಅವರೂ ಮಾಡಿದ್ದು ಇಷ್ಟೇ: ಬಂದದ್ದನ್ನು ಇಟ್ಟುಕೊಂಡರು, ಕೇಳಿದವರಿಗೆ ಚೂರು ಕೊಟ್ಟರು. ಇದರಲ್ಲಿ ಕಳ್ಳತನವೇನೂ ಇಲ್ಲ, ಲೆಕ್ಕ ಸರಿಯಾಗಿಯೇ ಇದೆ. ಆದರೆ ದೇವರು ಕೊಟ್ಟರೂ ಪೂಜಾರಿ ಕೊಡ ಅಂತ ನಮ್ಮ ಹಿರಿಯರು ಸುಮ್ಮನೆ ಹೇಳಲಿಲ್ಲ.

ಸಿಎಜಿ ತಮ್ಮ ವರದಿಗಳಲ್ಲಿ ಇದನ್ನು ವರ್ಷವರ್ಷವೂ ಎತ್ತಿ ತೋರಿಸಿದರು. 1996-97ರಿಂದ ಎರಡು ದಶಕ ಸಂಗ್ರಹವಾದ ಸೆಸ್ ಸಾವಿರಾರು ಕೋಟಿ ರೂಪಾಯಿ. ಮಂಡಳಿಗೆ ಮುಟ್ಟಿದ್ದು ಸುಮಾರು ಹತ್ತರಲ್ಲೊಂದು ಭಾಗ. ಉಳಿದ ಒಂಬತ್ತು ಭಾಗ ಸರ್ಕಾರದ ದಿನನಿತ್ಯದ ಖರ್ಚಿನಲ್ಲಿ ಸೇರಿಹೋಯಿತು. 1941ರಲ್ಲೇ ಭಟ್ನಾಗರ್ ಯಾವುದಕ್ಕೆ ಹೆದರಿದ್ದರೋ ಅದೇ ಆಯಿತು! ನಾನು ಟಿಕ್ ಹಾಕಿ ಕಳಿಸಿದ ಚಲನ್‌ಗಳಲ್ಲಿ ಹತ್ತಕ್ಕೆ ಒಂಬತ್ತು ಯಾವ ಪ್ರಯೋಗಾಲಯದ ಬಾಗಿಲನ್ನೂ ನೋಡಲಿಲ್ಲ ಎಂದು ಓದಿದ ದಿನ ಸ್ವಲ್ಪ ಹೊತ್ತು ಮಾತೇ ಹೊರಡಲಿಲ್ಲ.

ಇನ್ನೊಂದು ಸಂಗತಿಯೂ ಇದೆ. ನಮ್ಮ ಸಂವಿಧಾನದಲ್ಲಿ ಸಾಮಾನ್ಯ ತೆರಿಗೆಗಳಲ್ಲಿ ರಾಜ್ಯಗಳಿಗೆ ಪಾಲು ಇದೆ, ಸೆಸ್‌ಗಳಲ್ಲಿ ಇಲ್ಲ. ಅಂದರೆ ಈ ದುಡ್ಡು ರಾಜ್ಯಗಳಿಗೂ ಹೋಗಲಿಲ್ಲ, ಯಾವುದಕ್ಕೆಂದು ಎತ್ತಿದರೋ ಅದಕ್ಕೂ ಪೂರ್ತಿ ಹೋಗಲಿಲ್ಲ.

ಈ ಮಧ್ಯೆ ನೀತಿಪತ್ರಗಳೇನೂ ನಿಲ್ಲಲಿಲ್ಲ. 2003ರ ಜನವರಿಯಲ್ಲಿ ಬೆಂಗಳೂರಿನ ವಿಜ್ಞಾನ ಕಾಂಗ್ರೆಸ್ಸಿನಲ್ಲಿ ವಾಜಪೇಯಿಯವರು ಹೊಸ ವಿಜ್ಞಾನ ಮತ್ತು ತಂತ್ರಜ್ಞಾನ ನೀತಿ ಪ್ರಕಟಿಸಿದರು. ಹತ್ತನೇ ಯೋಜನೆ ಮುಗಿಯುವ ಹೊತ್ತಿಗೆ, ಅಂದರೆ 2007ಕ್ಕೆ, ಸಂಶೋಧನೆಗೆ ಜಿಡಿಪಿಯ ಶೇಕಡಾ 2 ಎಂದು ಅದರಲ್ಲಿತ್ತು. 2013ರ ಜನವರಿಯಲ್ಲಿ ಕೋಲ್ಕತ್ತದಲ್ಲಿ ಮನಮೋಹನ ಸಿಂಗ್ ಇನ್ನೊಂದು ನೀತಿ ಪ್ರಕಟಿಸಿದರು, ಅದರಲ್ಲೂ ಶೇಕಡಾ 2ರ ಗುರಿ. 2020ರಲ್ಲಿ ಮತ್ತೊಂದು ಕರಡು ಬಂತು. 2020-21ರಲ್ಲಿ ನಿಜವಾಗಿ ಆದ ಖರ್ಚು ಎಷ್ಟು ಗೊತ್ತೇ? ಶೇಕಡಾ 0.64. ಅದೇ ಹೊತ್ತಿಗೆ ಚೀನಾ ಶೇಕಡಾ 2.4ರ ಹತ್ತಿರ, ದಕ್ಷಿಣ ಕೊರಿಯ ಶೇಕಡಾ 4.5ರ ಮೇಲೆ. ಪಕ್ಷ ಯಾವುದೇ ಇರಲಿ, ಪ್ರಧಾನಿ ಯಾರೇ ಇರಲಿ, ನೀತಿಯ ಭಾಷೆ ಮಾತ್ರ ಸುಂದರವಾಗುತ್ತಲೇ ಹೋಯಿತು.

ಕೊನೆಗೆ ಸೆಸ್ಸಿನ ಗತಿ ಏನಾಯಿತು? ಜಿಎಸ್‌ಟಿ ಬರುವ ಮುನ್ನ ಸಣ್ಣಪುಟ್ಟ ಸೆಸ್‌ಗಳನ್ನು ಗುಡಿಸಿ ಹಾಕುವಾಗ 2017ರ ಏಪ್ರಿಲ್ 1ರಿಂದ ಇದನ್ನೂ ರದ್ದು ಮಾಡಿದರು. ಪತ್ರಿಕೆಯಲ್ಲಿ ಒಂದು ಸಣ್ಣ ಸಾಲು ಬಂದಿದ್ದರೆ ಹೆಚ್ಚು. ಮೂವತ್ತು ವರ್ಷ ಬದುಕಿದ್ದ ಒಂದು ಒಳ್ಳೆಯ ಯೋಚನೆಗೆ ಯಾರೂ ತಿಥಿ ಮಾಡಲಿಲ್ಲ.

ಹಾಗಾದರೆ ಸಚಿವಾಲಯದಿಂದ ಏನೂ ಆಗಲಿಲ್ಲವೇ? ಹಾಗನ್ನುವುದು ಅನ್ಯಾಯ. ಜೈವಿಕ ತಂತ್ರಜ್ಞಾನ ಇಲಾಖೆ ದೆಹಲಿಯ ಏಮ್ಸ್‌ನಲ್ಲಿ ಸಿಕ್ಕ ರೋಟಾ ವೈರಸ್ಸಿನ ಒಂದು ತಳಿಯ ಬೆನ್ನುಹತ್ತಿ, ವರ್ಷಗಟ್ಟಲೆ ಬಿಡದೆ ನೆರವು ಕೊಟ್ಟು, 2015ರಲ್ಲಿ ಭಾರತ್ ಬಯೋಟೆಕ್‌ನಿಂದ ರೋಟಾವ್ಯಾಕ್ ಲಸಿಕೆ ಹೊರಬರುವಂತೆ ಮಾಡಿತು. ಭೇದಿಯಿಂದ ಮಕ್ಕಳು ಸಾಯುವ ದೇಶದಲ್ಲಿ ಇದು ಸಣ್ಣ ಮಾತಲ್ಲ. ಗಮನಿಸಿದರೆ ಸಚಿವಾಲಯ ಗೆದ್ದ ಕಡೆಯೆಲ್ಲ ಇರುವುದು ಒಂದೇ ಗುಣ: ದುಡ್ಡು ಸಣ್ಣದಿದ್ದರೂ ತಪ್ಪದೆ ಬಂತು, ಬೇಗ ವಾಪಸ್ ಕೊಡು ಎಂದು ಯಾರೂ ಕುತ್ತಿಗೆ ಹಿಡಿಯಲಿಲ್ಲ.

ಈಗ ಮತ್ತೆ ಹೊಸ ಅಧ್ಯಾಯ. 2023ರಲ್ಲಿ ಅನುಸಂಧಾನ ರಾಷ್ಟ್ರೀಯ ಸಂಶೋಧನಾ ಪ್ರತಿಷ್ಠಾನದ ಕಾಯಿದೆ ಬಂತು. ಐದು ವರ್ಷಕ್ಕೆ 50,000 ಕೋಟಿ ರೂಪಾಯಿ ಎಂದರು. ಅದರಲ್ಲಿ ಸುಮಾರು 36,000 ಕೋಟಿ ಸರ್ಕಾರದ ಹೊರಗಿನಿಂದ, ಉದ್ಯಮಗಳು-ದಾನಿಗಳಿಂದ ಬರಬೇಕು ಎಂಬ ಅಂದಾಜು. 2025ರ ಜುಲೈ 1ರಂದು ಕೇಂದ್ರ ಸಂಪುಟ ಖಾಸಗಿ ವಲಯದ ಸಂಶೋಧನೆಗೆ 1 ಲಕ್ಷ ಕೋಟಿ ರೂಪಾಯಿಯ ಯೋಜನೆಗೆ ಒಪ್ಪಿಗೆ ಕೊಟ್ಟಿತು. ದೀರ್ಘಾವಧಿ ಸಾಲ, ಬಡ್ಡಿ ಕಡಿಮೆ ಅಥವಾ ಇಲ್ಲವೇ ಇಲ್ಲ. ನೋಡಿಕೊಳ್ಳುವುದು ಅದೇ ಡಿಎಸ್‌ಟಿ. ದುಡ್ಡು ಪ್ರತಿಷ್ಠಾನದೊಳಗಿನ ವಿಶೇಷ ನಿಧಿಗೆ ಬಂದು, ಅಲ್ಲಿಂದ ಎರಡನೇ ಹಂತದ ನಿಧಿ ನಿರ್ವಾಹಕರಿಗೆ, ಅವರಿಂದ ಕಂಪನಿಗಳಿಗೆ. 2025-26ರ ಬಜೆಟ್ಟಿನಲ್ಲಿ ಇದಕ್ಕೆ 20,000 ಕೋಟಿ ತೋರಿಸಿದ್ದರು.

ಅಂಕಿ ದೊಡ್ಡದು, ಸಂತೋಷ. ಆದರೆ ಮೂವತ್ತು ವರ್ಷ ಲೆಡ್ಜರ್ ಮುಂದೆ ಕೂತವನು ಕೇಳುವ ಪ್ರಶ್ನೆ ಬೇರೆ. ಒಂದು, ಬಜೆಟ್ಟಿನಲ್ಲಿ ತೋರಿಸಿದ್ದರಲ್ಲಿ ವರ್ಷದ ಕೊನೆಗೆ ಕಂಪನಿಯ ಖಾತೆಗೆ ನಿಜವಾಗಿ ಜಮಾ ಆದದ್ದೆಷ್ಟು? ಎರಡು, ಸಾಲ ಕೊಡುವ ಅಧಿಕಾರಿಗೆ ನಷ್ಟ ಮಾಡಿಕೊಳ್ಳುವ ಹಕ್ಕು ಇದೆಯೇ? ಈ ಎರಡನೆಯದು ನಮ್ಮ ಬ್ಯಾಂಕಿನವರಿಗೆ ಮಾತ್ರ ಚೆನ್ನಾಗಿ ಗೊತ್ತಿರುವ ನೋವು. ಹತ್ತು ಹೊಸ ತಂತ್ರಜ್ಞಾನಕ್ಕೆ ಸಾಲ ಕೊಟ್ಟರೆ ಏಳು ಮುಳುಗುವುದು ಸಹಜ, ಉಳಿದ ಮೂರರಲ್ಲಿ ಒಂದು ಶಾಂತಾ ಬಯೋಟೆಕ್ ಆಗುತ್ತದೆ. ಆದರೆ ಮುಳುಗಿದ ಏಳಕ್ಕೆ ವಿಜಿಲೆನ್ಸ್ ನೋಟಿಸು ಬರುತ್ತದೆ ಎಂದು ತಿಳಿದ ಯಾವ ಅಧಿಕಾರಿಯೂ ಮೊದಲ ಫೈಲಿಗೇ ಸಹಿ ಹಾಕುವುದಿಲ್ಲ. ಅಡಮಾನಕ್ಕೆ ಜಮೀನಿರುವ ದೊಡ್ಡ ಕಂಪನಿಯನ್ನೇ ಹುಡುಕಿ ಕೊಟ್ಟು ಕೈತೊಳೆದುಕೊಳ್ಳುತ್ತಾನೆ. ಆಗ ಅದು ನಾವು ಕೊಡುವ ಸಾಲವೇ ಆಯಿತಲ್ಲ, ಬಡ್ಡಿ ಮಾತ್ರ ಕಡಿಮೆ!

ಶಾಂತಾ ಬಯೋಟೆಕ್ನಿಕ್ಸ್ 2009ರಲ್ಲಿ ಫ್ರಾನ್ಸಿನ ಸನೋಫಿ ಪಾಲಾಯಿತು, ರೇವಾ 2010ರಲ್ಲಿ ಮಹೀಂದ್ರಾ ಪಾಲಾಯಿತು. ಅದರ ಬಗ್ಗೆ ನನಗೆ ತಕರಾರಿಲ್ಲ, ವ್ಯಾಪಾರ ಅಂದಮೇಲೆ ಕೊಳ್ಳುವುದು ಮಾರುವುದು ಇದ್ದದ್ದೇ. ನನ್ನ ತಕರಾರು ಹುಟ್ಟದೇ ಹೋದ ಕಂಪನಿಗಳ ಬಗ್ಗೆ. ಆ ಒಂಬತ್ತು ಭಾಗದ ದುಡ್ಡು ತಲುಪಿದ್ದರೆ ಹುಬ್ಬಳ್ಳಿಯಲ್ಲೋ ಮೈಸೂರಿನಲ್ಲೋ ವಾರಂಗಲ್ಲಿನಲ್ಲೋ ಯಾವ ಔಷಧ, ಯಾವ ಯಂತ್ರ ಹೊರಬರುತ್ತಿತ್ತೋ, ಅದು ಯಾವ ಸಿಎಜಿ ವರದಿಯಲ್ಲೂ ಬರುವುದಿಲ್ಲ. ಹುಟ್ಟದಿದ್ದವರಿಗೆ ಖಾತೆ ತೆರೆಯಲು ಬರುವುದಿಲ್ಲವಲ್ಲ.

ಇನ್ನು ಮುಂದೆ ಫೆಬ್ರವರಿ 1ರಂದು ಬಜೆಟ್ ಭಾಷಣ ಕೇಳುವಾಗ ವಿಜ್ಞಾನಕ್ಕೆ ಇಷ್ಟು ಸಾವಿರ ಕೋಟಿ ಎಂದು ಮೇಜು ಕುಟ್ಟುವ ಸದ್ದು ಬಂದರೆ, ಒಂದು ಕೆಲಸ ಮಾಡಿ. ಅದೇ ಬಜೆಟ್ ಕಾಗದಗಳಲ್ಲಿ ‘ಪರಿಷ್ಕೃತ ಅಂದಾಜು’ ಎಂಬ ಕಾಲಂ ಇರುತ್ತದೆ, ಅದರ ಹಿಂದೆ ‘ವಾಸ್ತವ’ ಎಂಬ ಇನ್ನೊಂದು ಇರುತ್ತದೆ. ಅಂತರ್ಜಾಲದಲ್ಲಿ ಯಾರು ಬೇಕಾದರೂ ನೋಡಬಹುದು, ಬಿ.ಕಾಂ. ಕೂಡ ಬೇಕಿಲ್ಲ. ದೇಶದ ವಿಜ್ಞಾನ ನೀತಿ ಏನೆಂದು ಆ ಎರಡು ಕಾಲಂಗಳು ಹೇಳುವಷ್ಟು ಸ್ಪಷ್ಟವಾಗಿ ಬೇರೆ ಯಾವ ಕಾಗದವೂ ಹೇಳುವುದಿಲ್ಲ.